ಬಿಚ್ಚಿ ಸಾಗಿಸೋ ಆರ್ಕೇಡ್ ಪೆಟ್ಟಿಗಿ: ಎಲ್ಲಿ ಕೊಯ್ಯಬೇಕು, ಹೆಂಗ ಕೂಡಸಬೇಕು?

ಮಾಳಿಗಿಮನಿ:

ಎಲ್ಲಾರಿಗೂ ನಮಸ್ಕಾರ. ಮನಿಗೆ ನಿಂತು ಆಡೋ ಆರ್ಕೇಡ್ (ವಿಡಿಯೋ ಗೇಮ್) ಪೆಟ್ಟಿಗಿ ಒಂದು ಮಾಡಸೋದದ. ಇಬ್ಬರು ಆಡಂಗ, ಒಬ್ಬೊಬ್ಬರಿಗೆ ಒಂದು ಜಾಯ್‌ಸ್ಟಿಕ್, ಆರಾರು ಬಟನ್. ಒಳಗ ರಾಸ್ಪ್‌ಬೆರಿ ಪೈ 4 ಅನ್ನೋ ಸಣ್ಣ ಕಂಪ್ಯೂಟರ್, 24 ಇಂಚಿನ ಮಾನಿಟರ್. ಆಟದ ಬಗ್ಗೆ ಏನೂ ಸಂಶಯ ಇಲ್ಲ, ಇರೋದು ಸಾಗಸೋದ್ರಾಗ. ಕಲಬುರಗಿಯೊಳಗ ಬಾಡಿಗಿ ಮನಿ, ಮೊದಲನೇ ಮಾಳಿಗಿ. ಪಾವಟಿಗಿ 33 ಇಂಚು ಅಗಲ, ನಡುವ ಒಂದು ತಿರುವು. ಖೋಲಿ ಬಾಗಲಾ ಚೌಕಟ್ಟು ಕಳದು 28 ಇಂಚು. ಎರಡು ಮೂರು ವರ್ಷಕ್ಕೊಮ್ಮೆ ಬೀದರಕ್ಕೋ ಯಾದಗಿರಿಗೋ ವರ್ಗಾ ಆಗ್ತದ.

ಕೈಯಾಗ ಇರೋ ನಕಾಶಿ ಪ್ರಕಾರ ಎತ್ತರ 1700 ಮಿಮೀ, ಅಗಲ 620, ಆಳ 620, ಪೂರಾ ಒಂದೇ ತುಂಡು. ಬಡಿಗೇರು ಮಿನಿಫಿಕ್ಸ್ (ಹಲಗಿಗೆ ಹಲಗಿ ಕೂಡಸೋ, ಬಿಚ್ಚಲಿಕ್ಕ ಬರೋ ಬೋಲ್ಟ್) ಹಾಕಿ ಹಲಗಿ ಹಲಗಿ ಬಿಚ್ಚಂಗ ಮಾಡ್ತೀನಿ ಅಂತಾರ. ನಡೀತದೇನ್ರಿ? ಎಂಡಿಎಫ್ (ಮರದ ಪುಡಿ ಒತ್ತಿ ಮಾಡಿದ ಹಲಗಿ) ಛಲೋನೋ ಪ್ಲೈ ಛಲೋನೋ? ವೈರ್ ಎಲ್ಲಾ ಒಂದೊಂದೇ ಬಿಚ್ಚಿ ಮತ್ತ ಹಾಕೋದು ಆಗಂಗಿಲ್ಲ, ಅದಕ್ಕೇನು ದಾರಿ?

ಗುಣ್ಯಾಪಟಾಸಿ:

ಹಲಗಿ ಹಲಗಿ ಬಿಚ್ಚೋದು ಬ್ಯಾಡ್ರಿ. ಮಿನಿಫಿಕ್ಸ್ ಒಮ್ಮೆ ಕೂಡಸಿ ಬಿಡೋ ವಾರ್ಡ್‌ರೋಬಿಗೆ ಸರಿ. ಅದರ ಬೋಲ್ಟ್ ಮರಕ್ಕ ಹಲ್ಲು ಕೊರಕೊಂಡು ನಿಂತಿರ್ತದ, ನಾಕೈದು ಸಲ ಬಿಚ್ಚಿ ಬಿಗದ್ರ ಆ ಹಲ್ಲು ಪುಡಿ ಆಗ್ತದ. ಇನ್ನೊಂದು, 1700 ಮಿಮೀ ಬಾಜು ಹಲಗಿ ಬಿಡಿಬಿಡಿ ಬಿಚ್ಚಿ ಒಯ್ಯಾಗ ಮೂಲಿ ಬಡದು ಸನ್‌ಮೈಕಾ ಏಳ್ತದ. ಹೊಸ ಮನ್ಯಾಗ ಕೂಡಸೋವಾಗ ಪ್ರತಿ ಸಲ ಗುಣ್ಯಾ ಹಿಡದು ಚೌಕ ಮಾಡ್ಕೋತ ಕೂಡಬೇಕು.

ಹಲಗಿ ಬಿಟ್ಟು ಪೆಟ್ಟಿಗಿ ಲೆಕ್ಕದಾಗ ಯೋಚನಿ ಮಾಡ್ರಿ. ಮೂರು ಪೆಟ್ಟಿಗಿ. ಒಂದೊಂದೂ ಫೆವಿಕಾಲ್ ಹಾಕಿ, ಸ್ಕ್ರೂ ಹೊಡದು ಕಾಯಂ ಜೋಡಸಿದ್ದು, ಅದರ ಚೌಕ ಎಂದೂ ಕೆಡಂಗಿಲ್ಲ. ಒಂದರ ಮ್ಯಾಲ ಒಂದು ಕೂಡಸೋ ಎರಡು ಜಾಗದಾಗಷ್ಟೇ ಬೋಲ್ಟ್. ಕೆಳಗಿನ ಪೀಠ: 620 ಅಗಲ, 480 ಆಳ, 780 ಎತ್ತರ. ನಡುವಿನ ಕಂಟ್ರೋಲ್ ಪೆಟ್ಟಿಗಿ: 700 ಅಗಲ, 620 ಆಳ, 120 ಎತ್ತರ. ಮ್ಯಾಲಿನ ತಲಿ: 620 ಅಗಲ, 370 ಆಳ, 800 ಎತ್ತರ. ತಲಿ ಹಿಂದಕ್ಕ ಕೂಡ್ತದ, ಮುಂದ 250 ಮಿಮೀ ಕೈ ಆಡಸಲಿಕ್ಕ ಉಳೀತದ. ಒಟ್ಟು 1700 ನಿಮ್ಮ ನಕಾಶಿದೇ, ಕಾಲು ಹಾಕಿದ ಮ್ಯಾಲ ಒಂದೂವರಿ ಇಂಚು ಏರ್ತದ. ಬಟನ್ ನೆಲದಿಂದ 940ರ ಹತ್ತರ ಬರ್ತದ, ನಿಂತು ಆಡೋರಿಗೆ ಸರಿ.

700 ಅಗಲ ಯಾಕ ಅಂದ್ರ, 620ರಾಗ ಇಬ್ಬರು ದೊಡ್ಡವರು ನಿಂತ್ರ ಭುಜಕ್ಕ ಭುಜ ಬಡೀತದ. ಆ ಪೆಟ್ಟಿಗಿ ಬರೇ 120 ದಪ್ಪ, ಅಡ್ಡ ನಿಂದರಸಿದ್ರ ಎಂಥಾ ಬಾಗಲದಾಗೂ ಹೋಗ್ತದ. ಹಂಗಾಗಿ ಅಗಲಕ್ಕ ಅಂಜಬ್ಯಾಡ್ರಿ.

ಎಂಡಿಎಫ್ ಬಿಡ್ರಿ. 18 ಮಿಮೀ ದಪ್ಪದ 8×4 ಎಂಡಿಎಫ್ ಹಲಗಿ ಒಂದು ಸುಮಾರು 40 ಕಿಲೋ ತೂಗ್ತದ, ಅಷ್ಟೇ ಪ್ಲೈ 33ರ ಹತ್ತರ. ತೂಕಕಿಂತ ದೊಡ್ಡ ಮಾತು ನೀರು. ನಮ್ಮ ಕಡಿ ಫರ್ಸಿ ನೆಲ ದಿನಾ ಒರಸ್ತಾರ, ಎಂಡಿಎಫ್ ಅಂಚು ಒಂದೇ ಮಳಿಗಾಲಕ್ಕ ಉಬ್ಬಿ ಬಿಸ್ಕೀಟಿನಂಗ ಆಗ್ತದ. ಬಾಜು ಹಲಗಿ, ಕೂಡೋ ಹಲಗಿ ಎಲ್ಲಾ 18 ಮಿಮೀ ಪ್ಲೈ. ಪೀಠದ ಮುಖ, ಮಾನಿಟರ್ ಹಿಡಿಯೋ ಹಲಗಿ, ಮಾರ್ಕಿ ಡಬ್ಬಿ (ತಲಿ ಮ್ಯಾಲ ಲೈಟ್ ಹತ್ತೋ ಹೆಸರಿನ ಫಲಕ) 12 ಮಿಮೀ. 18ರದು ಒಂದು ಹಲಗಿ, 12ರದು ಒಂದು, ಹಿಂದಿನ ಬಾಗಲಾಕ್ಕ 9ರದು ಅರ್ಧ, ಸುಮಾರು ಇಷ್ಟು ಹತ್ತಬಹುದು. ಕೊಯ್ಯೋ ಮೊದಲ ಹಾಳಿ ಮ್ಯಾಲ ಹೊಂದಸಿ ನೋಡ್ರಿ. ಪೀಠದ ತಳಕ್ಕ ಮಾತ್ರ ಐಎಸ್ 710 ಶಿಕ್ಕಾ ಇರೋ ಬಿಡಬ್ಲ್ಯುಪಿ (ಕುದಿಯೋ ನೀರೂ ತಡಿಯೋ) ಪ್ಲೈನೇ ಬೇಕು, ನೀರು ಮತ್ತ ಗೆದ್ದಲ ಎರಡೂ ಅಲ್ಲೇ ಹತ್ತೋದು. ಸನ್‌ಮೈಕಾ ಹೊರಗ 1 ಮಿಮೀ ಹಾಕಿದ್ರ ಒಳಗೂ ತೆಳು ಲೈನರ್ ಹಾಕಸ್ರಿ. ಒಂದೇ ಬಾಜು ಹಾಕಿದ ಹಲಗಿ ಬ್ಯಾಸಿಗ್ಯಾಗ ಬಾಗ್ತದ, ಬಾಗಿದ ಹಲಗಿ ಬೋಲ್ಟಿಗೆ ಕೂಡಂಗಿಲ್ಲ.

ಈಗ ಜೋಡಣಿ. ಬಿಚ್ಚೋ ಜಾಗದಾಗ ಯಾವ ಸ್ಕ್ರೂನೂ ಮರಕ್ಕ ಹಲ್ಲು ಹಾಕಬಾರದು. ಕಬ್ಬಿಣದ ಹಲ್ಲು ಕಬ್ಬಿಣದಾಗೇ ತಿರಗಬೇಕು.

ಎಂ8 (8 ಮಿಮೀ ಬೋಲ್ಟಿಂದು) ಟೀ ನಟ್, ಅಂದ್ರ ಒಂದು ತುದಿಗೆ ತಟ್ಟಿ ಇರೋ, ಮರದಾಗ ಹೂತು ಕೂಡೋ ನಟ್, ಎಂಟು ತರ್ರಿ, ಎರಡು ಹೆಚ್ಚಿಗಿ ಇರಲಿ. ಎಂಟೂ ಕಂಟ್ರೋಲ್ ಪೆಟ್ಟಿಗಿಯೊಳಗೇ ಕೂಡ್ತಾವ: ನಾಕು ಅದರ ತಳದಾಗ, ನಾಕು ತಲಿ ಕೂಡೋ ಹಿಂದಿನ ಮ್ಯಾಲಿನ ಹಲಗಿಯೊಳಗ. ಪೀಠದ ಒಳಗಿಂದ ಮ್ಯಾಲಕ್ಕ ನಾಕು ಬೋಲ್ಟ್, ತಲಿ ಒಳಗಿಂದ ಕೆಳಗ ನಾಕು. ಎರಡಕ್ಕೂ ಹಿಂದಿನ ಬಾಗಲಾ ತಗದ್ರ ಕೈ ಮುಟ್ಟತದ. ಹೊರಗಿಂದ ಒಂದು ಬೋಲ್ಟೂ ಕಾಣಂಗಿಲ್ಲ.

ಟೀ ನಟ್ಟಿನ ತಟ್ಟಿ ಯಾವಾಗಲೂ ಬೋಲ್ಟ್ ಬರೋ ಬಾಜುಕಿಂತ ಆಚಿ ಕಡಿ ಇರಬೇಕು. ಅವಾಗ ಬಿಗದಂಗೆಲ್ಲಾ ಅದು ಮರಕ್ಕ ಹೆಚ್ಚು ಒತ್ತಕೋತದ. ಈಚಿ ಕಡಿ ಬಡದ್ರ ಬಿಗಿಯೋವಾಗ ಕಿತ್ತಿ ಕೈಗೆ ಬರ್ತದ. ಭಾಳ ಮಂದಿ ತಪ್ಪೋದು ಇಲ್ಲೇ. ಕೂಡಸೋ ಎರಡು ಪೆಟ್ಟಿಗಿ ಒಂದರ ಮ್ಯಾಲ ಒಂದು ಇಟ್ಟು, ಕ್ಲಾಂಪ್ ಬಿಗದು, 9 ಮಿಮೀ ಬಿಟ್ಟಿನಿಂದ ಎರಡೂ ಹಲಗಿ ಒಂದೇ ಸಲ ಪಾರು ಮಾಡ್ರಿ. ಬ್ಯಾರೆ ಬ್ಯಾರೆ ಅಳತಿ ಹಾಕಿ ಕೊರದ್ರ ನಾಕರಾಗ ಒಂದು ತೂತ ತಪ್ಪೇ ತಪ್ತದ. ಆಮ್ಯಾಲ ಟೀ ನಟ್ ಬಾಜು ಮಾತ್ರ ಅದರ ಬ್ಯಾರೆಲ್, ಅಂದ್ರ ನಳಗಿ, ಅಳದು (ಎಂ8ಕ್ಕ 10 ಮಿಮೀ ಆಗ್ತದ) ಬ್ಯಾರೆಲ್ ಆಳದಷ್ಟೇ ದೊಡ್ಡದು ಮಾಡ್ರಿ. ಹಾತೋಡಿಯಿಂದ ಬಡೀಬ್ಯಾಡ್ರಿ, ಸೊಟ್ಟ ಕೂಡ್ತದ. ಆಚಿಂದ ದೊಡ್ಡ ವಾಷರ್ ಹಾಕಿ ಬೋಲ್ಟ್ ತಿರುವಿ ನಿಧಾನಕ್ಕ ಒಳಗ ಜಗ್ರಿ. ಕೂತ ಮ್ಯಾಲ ತಟ್ಟಿ ಅಂಚಿಗೆ ಎರಡು ಹನಿ ಅರಾಲ್ಡೈಟ್, ಹಲ್ಲಿಗೆ ತಾಕದಂಗ.

ಬೋಲ್ಟ್ ಎಂ8×40, ಗುಂಡ ತಲಿದು. ಎರಡು ಹಲಗಿ 36, ವಾಷರ್ 2, ಅಲ್ಲಿಗೆ 40 ಬರೋಬರಿ. 50ರದು ಹಾಕಿದ್ರ ಒಂದು ಸೆಂಟಿಮೀಟರ್ ಒಳಗ ಚಾಚಿ ವೈರ್ ಕೊರೀತದ. ಬಾಗಲಾ, ಮುಚ್ಚಳಕ್ಕ ಎಂ6 ಸಾದಾ ಆಲನ್ ಬೋಲ್ಟ್ ತಗೊಳ್ರಿ. ಎಂ8ರ ಗುಂಡ ತಲಿಗೂ ಎಂ6ರ ಉದ್ದ ತಲಿಗೂ 5 ಮಿಮೀ ಆಲನ್ ಕೀನೇ ಹತ್ತತದ, ಅಂದ್ರ ಪೂರಾ ಪೆಟ್ಟಿಗಿಗೆ ಒಂದೇ ಕೀ. ಆ ಕೀ ಪೀಠದ ಒಳಗ ಒಂದು ಮೊಳಿಗೆ ತೂಗ ಹಾಕ್ರಿ.

ಎಂ6ಕ್ಕ ತಿರುವಿ ಕೂಡಸೋ ಇನ್ಸರ್ಟ್ ನಟ್ (ಒಳಗೂ ಹೊರಗೂ ಹಲ್ಲಿರೋದು) ಸಾಕು. ಹೊರಗಿನ ಹಲ್ಲು 10 ಮಿಮೀ ಇದ್ದದ್ದಕ್ಕ ಪ್ಲೈಯೊಳಗ 9ರ ತೂತ. ಮೊದಲ ತುಂಡ ಹಲಗಿಯೊಳಗ ಒಂದು ಹಾಕಿ ನೋಡ್ರಿ: ಸುತ್ತ ಮರ ಉಬ್ಬಿದ್ರ ತೂತ ಸಣ್ಣದು, ಬೋಲ್ಟ್ ಜೋಡಿ ಇನ್ಸರ್ಟೂ ತಿರಗಿದ್ರ ದೊಡ್ಡದು. ಮುಖದಿಂದ 1 ಮಿಮೀ ಒಳಗೇ ಕೂಡಸ್ರಿ, ಇಲ್ಲಂದ್ರ ಬಿಗದಾಗ ಸನ್‌ಮೈಕಾ ಎಬ್ಬಸ್ತದ. ಪ್ಲೈ ಅಂಚಿನಾಗ, ಪದರ ಕಾಣೋ ಬಾಜು, ಇನ್ಸರ್ಟ್ ಹಾಕಲೇಬ್ಯಾಡ್ರಿ, ಪದರ ಸೀಳ್ತದ. ಆ ಜಾಗಕ್ಕ ಒಳಗ 30×30 ರೀಪ ಅಂಟಸಿ ಅದರ ಮುಖಕ್ಕ ಹಾಕ್ರಿ.

ಬೋಲ್ಟ್ ಬರೇ ಒತ್ತಿ ಹಿಡಿಯಲಿಕ್ಕ. ಪೆಟ್ಟಿಗಿ ಜಾಗಕ್ಕ ಕೂಡಬೇಕಂದ್ರ ಗೂಟ ಬೇಕು. ಪ್ರತಿ ಜೋಡಣಿಗೆ 12 ಮಿಮೀ ಮರದ ಗೂಟ ಎರಡು, ಕೆಳಗಿನ ಹಲಗಿಯೊಳಗ ಅಂಟಸಿ ತುದಿ ಚೂಪ ಮಾಡ್ರಿ. ಮ್ಯಾಲಿನ ಹಲಗಿಯೊಳಗ ಒಂದು ತೂತ ಗುಂಡಗ, ಇನ್ನೊಂದು ಅಡ್ಡಕ್ಕ ಒಂದೆರಡು ಮಿಮೀ ಉದ್ದ. ಎರಡೂ ಬಿಗಿ ಗುಂಡ ಇದ್ರ ಮಳಿಗಾಲದಾಗ ಮರ ಉಬ್ಬಿ ಪೆಟ್ಟಿಗಿ ಮ್ಯಾಲಕ್ಕ ಏಳಂಗಿಲ್ಲ.

ಐದುವೋಲ್ಟ್:

ಕೊಯ್ಯೋ ಜಾಗದ ಬಗ್ಗೆ ಗುಣ್ಯಾ ಅವರು ಹೇಳಿದ್ದಕ್ಕೆ ವೈರಿನ ಕಡೆಯಿಂದಲೂ ಒಪ್ಪಿಗೆ ಇದೆ. ಸ್ಟಾರ್ಟ್, ಕಾಯಿನ್ ಸೇರಿ ಹದಿನಾರು ಬಟನ್, ಎರಡು ಜಾಯ್‌ಸ್ಟಿಕ್‌ನ ವೈರೆಲ್ಲಾ ಕಂಟ್ರೋಲ್ ಪೆಟ್ಟಿಗೆಯಲ್ಲೇ ಉಳಿಯಬೇಕು, ಹೊರಗೆ ಬರಬೇಕಾದದ್ದು ಯುಎಸ್‌ಬಿ ಕೇಬಲ್ ಎರಡೇ. ಆದ್ದರಿಂದ ಎನ್‌ಕೋಡರ್ ಬೋರ್ಡನ್ನ (ಬಟನ್ ಒತ್ತಿದ್ದನ್ನ ಯುಎಸ್‌ಬಿ ಮೂಲಕ ಪೈಗೆ ತಿಳಿಸೋ ಬೋರ್ಡು) ಪೈ ಪಕ್ಕದಲ್ಲಿ ಇಡಬೇಡಿ, ಕಂಟ್ರೋಲ್ ಪೆಟ್ಟಿಗೆಯ ತಳಕ್ಕೆ ಸ್ಕ್ರೂ ಮಾಡಿ. ಸಾಗಿಸುವಾಗ ಒಂದು ಬಟನ್ನಿನ ವೈರೂ ಮುಟ್ಟುವ ಕೆಲಸ ಇರೋದಿಲ್ಲ.

ಅಗ್ಗದ ಜೀರೋ ಡಿಲೇ ಎನ್‌ಕೋಡರ್ ಇಬ್ಬರಿಗೆ ಎರಡು ಬೇಕು. ಅದರಲ್ಲಿ ಒಂದು ಕಿರಿಕಿರಿ: ಎರಡೂ ಬೋರ್ಡು ಸಿಸ್ಟಮ್‌ಗೆ ಒಂದೇ ಹೆಸರಲ್ಲಿ ಕಾಣುತ್ತವೆ. ಬಿಚ್ಚಿ ಜೋಡಿಸುವಾಗ ಪೋರ್ಟ್ ಅದಲುಬದಲಾದರೆ ಒಂದನೇ ಆಟಗಾರ ಎರಡನೆಯವನಾಗ್ತಾನೆ, ಮಂದಿ ಬೋರ್ಡ್ ಕೆಟ್ಟಿದೆ ಅಂತ ತಿಳೀತಾರೆ. ಕೇಬಲ್ಲಿಗೂ ಪೈ ಪೋರ್ಟಿಗೂ ಕೆಂಪು, ಹಸಿರು ಟೇಪ್ ಸುತ್ತಿ ಇಟ್ಟುಕೊಳ್ಳಿ, ಅಲ್ಲಿಗೆ ಮುಗೀತು. ಬಟನ್ ತರುವಾಗ ಮೈಕ್ರೋಸ್ವಿಚ್ ಕಾಲಿನ ಅಗಲ ನೋಡಿ. ಜಪಾನಿ ನಮೂನೆಗೆ 2.8 ಮಿಮೀ ಕನೆಕ್ಟರ್, ಅಮೆರಿಕನ್ ನಮೂನೆಗೆ 4.8. ಸಣ್ಣ ಕಾಲಿಗೆ ದೊಡ್ಡ ಕನೆಕ್ಟರನ್ನ ಇಕ್ಕಳದಿಂದ ಅಮುಕಿ ಕೂರಿಸಿದರೆ ಮೊದಲ ಪ್ರಯಾಣದಲ್ಲೇ ಕಳಚುತ್ತದೆ.

ಬಟನ್ ಕೂರಿಸುವ ಹಲಗೆ ಬಗ್ಗೆ ಒಂದು ಮಾತು ಹೇಳಲೇಬೇಕು. 30 ಮಿಮೀ ಬಟನ್‌ಗಳಲ್ಲಿ ಒತ್ತಿ ಸಿಕ್ಕಿಸುವಂಥವು ತೆಳು ತಗಡಿಗೆ ಮಾಡಿದವು, 18 ಮಿಮೀ ಪ್ಲೈಯಲ್ಲಿ ಅವುಗಳ ಕಿವಿ ಸಿಕ್ಕೋದೇ ಇಲ್ಲ. ಬಡಿಗೇರರ ಹತ್ತಿರ ಕಪಾಟಿನ ಬಿಜಾಗರಿಗೆ ಬಳಸೋ 35 ಮಿಮೀ ಕಟ್ಟರ್ ಇರುತ್ತದೆ, ಕೆಳಗಿನಿಂದ ಅದರಲ್ಲೇ ಕೊರೆದು ತೆಳ್ಳಗೆ ಮಾಡೋಣ ಅಂತಾರೆ. ಆಗೋದಿಲ್ಲ. ಬಟನ್ನಿನ ನಡುವಿಂದ ನಡುವಿಗೆ ಸುಮಾರು 36 ಮಿಮೀ. 35ರ ಗುಂಡಿ ಪಕ್ಕಪಕ್ಕ ಕೊರೆದರೆ ನಡುವೆ ಉಳಿಯೋದು 1 ಮಿಮೀ ಗೋಡೆ, ಅದು ಕೊರೆಯುವಾಗಲೇ ಉದುರುತ್ತದೆ. ಜಾಯ್‌ಸ್ಟಿಕ್‌ದೂ ಅದೇ ಕಥೆ, ದಪ್ಪ ಹಲಗೆಯ ಅಡಿಗೆ ಹಾಕಿದರೆ ಹಿಡಿ ಗಿಡ್ಡವಾಗುತ್ತದೆ. ಅದಕ್ಕೆ ಮೇಲಿನ ಹಲಗೆಯಲ್ಲಿ ದೊಡ್ಡ ಕಿಂಡಿ ಕೊಯ್ದು, 2 ಮಿಮೀ ಕಬ್ಬಿಣದ ತಗಡನ್ನ ಲೇಸರ್ ಕಟಿಂಗ್ ಮಾಡಿಸಿ ಅಂಚಿಗೆ ಎಂ6 ಬೋಲ್ಟಿನಿಂದ ಕೂರಿಸಿ. ಬಟನ್, ಜಾಯ್‌ಸ್ಟಿಕ್ ಎರಡೂ ಸಮಸ್ಯೆ ಒಂದೇ ಏಟಿಗೆ ತೀರುತ್ತವೆ. ತಗಡು ಹಾಕಿದ ಮೇಲೆ ಅದಕ್ಕೆ ಅರ್ಥಿಂಗ್ ವೈರ್ ಕಡ್ಡಾಯ, ಬಿಚ್ಚೋ ಜಾಗದಲ್ಲಿ ಅದಕ್ಕೊಂದು ಕನೆಕ್ಟರ್ ಇಡಿ.

230 ವೋಲ್ಟ್ ಪೀಠ ಬಿಟ್ಟು ಮೇಲೆ ಹತ್ತಬಾರದು. ಪೀಠದ ಹಿಂದೆ ಫ್ಯೂಸು, ಸ್ವಿಚ್ಚು ಎರಡೂ ಇರೋ ಐಇಸಿ ಸಾಕೆಟ್ (ಕಂಪ್ಯೂಟರ್ ಎಸ್‌ಎಂಪಿಎಸ್ ಹಿಂದೆ ಇರುತ್ತಲ್ಲ, ಅಂಥದ್ದು), ಒಳಗೆ ತಳಕ್ಕೆ ಸ್ಕ್ರೂ ಮಾಡಿದ ನಾಲ್ಕು ಪಾಯಿಂಟಿನ ಬೋರ್ಡು. ಮಾನಿಟರ್ ಕೊಳ್ಳುವಾಗ ಹೊರಗೆ ಅಡಾಪ್ಟರ್ ಇರೋದನ್ನೇ ಆರಿಸಿ. ಆಗ ಮೇಲೆ ಹೋಗೋದು ಮಾನಿಟರಿನ ತೆಳು ಡಿಸಿ ವೈರ್, ಎಚ್‌ಡಿಎಂಐ, ಸ್ಪೀಕರ್ ವೈರ್, ಫ್ಯಾನ್ ಮತ್ತು ಮಾರ್ಕಿ ಲೈಟಿಗೆ 12 ವೋಲ್ಟ್ ಇಷ್ಟೇ. ಇವನ್ನೆಲ್ಲಾ ಬಿಗಿಯಾಗಿ ಎಳೆದು ಕಟ್ಟಬೇಡಿ, ಪ್ರತಿ ಜೋಡಣೆಯಲ್ಲಿ ಒಂದು ಗೇಣು ಸಡಿಲ ಇರಲಿ. ತಲೆಯನ್ನ ಅರ್ಧ ಎತ್ತಿ ಹಿಡಿದುಕೊಂಡೇ ಕೈ ತೂರಿಸಿ ಪ್ಲಗ್ ಕಳಚಬೇಕಾಗುತ್ತದೆ.

ಇಷ್ಟೆಲ್ಲಾ ಸೇರಿ 60 ವ್ಯಾಟ್ ದಾಟೋದು ಕಷ್ಟ, ಮನೆ ಇನ್ವರ್ಟರ್ ಪಾಯಿಂಟಿಗೇ ಹಾಕಿ. ಕರೆಂಟ್ ಗಕ್ಕನೆ ಹೋದರೆ ಪೈಯ ಎಸ್‌ಡಿ ಕಾರ್ಡ್ ಕೆಡುವ ಭಯ ಇದ್ದೇ ಇದೆ. ಪೈ ಬೋರ್ಡಿನ ಪಿನ್ ಸಾಲಿನಲ್ಲಿ ಜಿಪಿಐಒ 3 ಮತ್ತು ಗ್ರೌಂಡ್, ಅಂದರೆ 5 ಮತ್ತು 6ನೇ ಪಿನ್ನಿಗೆ ಒಂದು ಸಣ್ಣ ಬಟನ್ ಹಾಕಿ ಶಟ್‌ಡೌನ್ ಓವರ್‌ಲೇ ಅನ್ನೋ ಸೆಟ್ಟಿಂಗ್ ಚಾಲೂ ಮಾಡಿದರೆ ಒತ್ತಿದಾಗ ಸರಿಯಾಗಿ ಮುಚ್ಚುತ್ತದೆ, ಮತ್ತೆ ಒತ್ತಿದರೆ ಏಳುತ್ತದೆ. ಕಾರ್ಡಿನ ನಕಲೊಂದು ಲ್ಯಾಪ್‌ಟಾಪಿನಲ್ಲಿರಲಿ.

ಬಿಸಿಲನಾಡು:

ಮೂರು ಪೆಟ್ಟಿಗಿ ಮಾಡೋರು ಮರಿಯೋದು ಗಾಳಿ. ಒಂದೇ ತುಂಡಿನ ಪೆಟ್ಟಿಗಿಯೊಳಗ ಕೆಳಗಿಂದ ಮ್ಯಾಲಿನ ತನಕ ಖಾಲಿ ಇರ್ತದ, ಬಿಸಿ ಗಾಳಿ ತಾನೇ ಏರ್ತದ. ಮೂರು ಮಾಡಿದ್ರ ನಡುವ ನಾಕು ಹಲಗಿ ಅಡ್ಡ ಬರ್ತಾವ. ಪೀಠದ ಮ್ಯಾಲಿನದು, ಕಂಟ್ರೋಲಿನ ತಳ ಮತ್ತ ಹಿಂದಿನ ಮ್ಯಾಲಿನದು, ತಲಿ ತಳ, ಈ ನಾಕಕ್ಕೂ ಒಂದೇ ನೇರಕ್ಕ 300×100 ಮಿಮೀ ಕಿಂಡಿ ಕೊಯ್ರಿ. ವೈರೂ ಅದರಾಗೇ ಹೋಗ್ತಾವ. ಕೊಯ್ದ ಅಂಚು ಉಜ್ಜಿ ನುಣ್ಣಗ ಮಾಡ್ರಿ.

ಮೇದಾಗ ಕಲಬುರಗಿ 42, 43 ಡಿಗ್ರಿ ಅಂದ್ರ ಪೆಟ್ಟಿಗಿ ಒಳಗ ಇನ್ನೂ ಹತ್ತು ಹೆಚ್ಚಿಗಿ ಅಂತ ತಿಳ್ಕೊಳ್ರಿ. ಪೈ 4ರ ಚಿಪ್ 80 ಡಿಗ್ರಿ ಮುಟ್ಟಿದ್ರ ತಾನೇ ವೇಗ ಇಳಸ್ತದ, ಆಟ ಎಳೀಲಿಕ್ಕ ಹತ್ತತದ. ಪೂರಾ ಅಲ್ಯುಮಿನಿಯಂ ಕೇಸ್ ಹಾಕ್ರಿ. ತಲಿ ಹಿಂದ, ಮ್ಯಾಲಿನ ಅಂಚಿಗೆ, ಗಾಳಿ ಹೊರಗ ಎಳಿಯಂಗ 120 ಮಿಮೀದ 12 ವೋಲ್ಟ್ ಫ್ಯಾನ್. ಗಾಳಿ ಒಳಗ ಬರೋ ಕಿಂಡಿ ಪೀಠದ ಹಿಂದ ಕೆಳಗ ಇರಲಿ, ಅದಕ್ಕ ಕಿಡಕಿಗೆ ಹಾಕೋ ಸೊಳ್ಳಿ ಜಾಳಗಿ ಬಡೀರಿ. ಜಾಳಗಿ ಇಲ್ಲಂದ್ರ ಎರಿ ಮಣ್ಣಿನ ಧೂಳು ಜಾಯ್‌ಸ್ಟಿಕ್ ತನಕ ಏರ್ತದ.

ಮುಗ್ಗರಸೋದು ಇನ್ನೊಂದು. ಪೀಠ 480 ಆಳ, ಕಂಟ್ರೋಲ್ ಪೆಟ್ಟಿಗಿ 620, ಅಂದ್ರ ಮುಂದ 140 ಚಾಚೇದ. ಸಣ್ಣ ಹುಡುಗರು ಅದಕ್ಕ ಜೋತು ಬಿದ್ರ ಪೂರಾ ಪೆಟ್ಟಿಗಿ ಮುಂದ ವಾಲ್ತದ. ಪೀಠದ ತಳದಾಗ, ಹಿಂದಿನ ಅಂಚಿಗೆ ಒತ್ತಿ, ಒಂದೂವರಿ ಅಡಿಗೆ ಒಂದು ಅಡಿ ಶಹಾಬಾದ ಫರ್ಸಿ ಎರಡು, ಒಂದರ ಮ್ಯಾಲ ಒಂದು ಇಡ್ರಿ. ಒಂದಿಂಚು ದಪ್ಪದ್ದು ಒಂದೊಂದು 9 ಕಿಲೋದಷ್ಟು ಆಗ್ತದ. ಸಾಗಸೋವಾಗ ಅವು ಇಲ್ಲೇ ಬಿಟ್ಟು ಹೋಗ್ರಿ, ಬೀದರದಾಗ ಫರ್ಸಿಗೇನು ಬರ ಇಲ್ಲ. ಅದರ ಮ್ಯಾಲೂ ತಲಿ ಹಿಂದಿಂದ ಗ್ವಾಡಿಗೆ ಒಂದು ಎಲ್ ಪಟ್ಟಿ ಹೊಡೀರಿ.

ಗಾಲಿ ಬ್ಯಾಡ. ಹಳಿ ಫರ್ಸಿ ನೆಲ ಸಮ ಇರಂಗಿಲ್ಲ, ಆಡೋವಾಗ ನಡಗ್ತದ. ಎಂ10 ತಿರುವೋ ಕಾಲು ನಾಕು, ರಬ್ಬರ್ ತಳದ್ದು, 40 ಮಿಮೀ ಎತ್ತರಕ್ಕ ಹಾಕ್ರಿ. ನೆಲ ಒರಸಿದ ನೀರೂ ತಾಕಂಗಿಲ್ಲ.

ಮಾಳಿಗಿಮನಿ:

ಭಾಳ ಉಪಕಾರ ಆತ್ರಿ ಎಲ್ಲಾರಿಂದ. ಬಡಿಗೇರಿಗೆ ತೋರಸಿದೆ, ಮೂರು ಪೆಟ್ಟಿಗಿಗೆ ಒಪ್ಯಾರ. ಎರಡು ಸಂಶಯ ಉಳದಾವ. ಡಿಜೆ ಸ್ಪೀಕರ್ ಪೆಟ್ಟಿಗಿಗೆ ತಿರುವಿ ಬಿಗಿಯೋ ಚಿಟ್ಟಿ ಲ್ಯಾಚ್ ಇರ್ತದಲ್ಲ, ಬೋಲ್ಟ್ ಬದಲಿ ಅದೇ ಹಾಕಿದ್ರ ಕೀನೇ ಬ್ಯಾಡಲ್ಲ? ಮತ್ತ ಮಾನಿಟರ್ ತಲಿಯೊಳಗೇ ಇಟ್ಟು ಒಯ್ಯಬಹುದೇನು?

ಗುಣ್ಯಾಪಟಾಸಿ:

ಲ್ಯಾಚ್ ಮ್ಯಾಲ ಕೆಳಗ ಜಗ್ಗಿ ಹಿಡೀತದ, ಬಾಜುಕ್ಕ ಸರಿಯೋದು ತಡಿಯಂಗಿಲ್ಲ. ಫೈಟಿಂಗ್ ಆಟದಾಗ ಜಾಯ್‌ಸ್ಟಿಕ್ ಬಡಿಯೋದೆಲ್ಲಾ ಬಾಜುಕ್ಕೇ ಬೀಳ್ತದ. ಗೂಟ ಇದ್ರೂ ಲ್ಯಾಚಿನಾಗ ಅರ್ಧ ಮಿಮೀ ಆಟ ಉಳದು ಗರಗರ ಸಪ್ಪಳ ಬರ್ತದ. ಹಿಂದಿನ ಬಾಗಲಾಕ್ಕ ಬೇಕಾದ್ರ ಹಾಕ್ಕೊಳ್ರಿ, ಜೋಡಣಿಗೆ ಬೋಲ್ಟೇ ಇರಲಿ. ಎಂಟು ಬೋಲ್ಟ್ ಬಿಚ್ಚಲಿಕ್ಕ ಹತ್ತು ನಿಮಿಷ ಸಾಕು. ಕೂಡಸೋವಾಗ ನಾಕೂ ಬೋಲ್ಟ್ ಬೆರಳಿಂದ ಹಿಡಸಿ ಆಮ್ಯಾಲ ಕೀ ಹಾಕ್ರಿ. ಹಲ್ಲು ಹಿಡಿಯೋ ಮೊದಲ ಕೀಯಿಂದ ಒತ್ತಿದ್ರ ಟೀ ನಟ್ ಹಿಂದಕ್ಕ ಬಿದ್ದು ಒಳಗ ಕಳಕೋತದ, ಹುಡಕಲಿಕ್ಕ ತಗಡು ಬಿಚ್ಚಬೇಕಾಗ್ತದ.

ಬಿಸಿಲನಾಡು:

ಮಾನಿಟರ್ ಬಿಚ್ಚೇ ಒಯ್ರಿ. ಕಮಲಾಪುರ, ಹುಮನಾಬಾದ ದಾಟಿ ಬೀದರ ಮುಟ್ಟೋ ತನಕ ಅದು ನಾಕು ಸ್ಕ್ರೂ ಮ್ಯಾಲ ಜೋತಾಡಬಾರದು. ಹಿಂದ 100×100 ವೆಸಾ ತೂತಿಗೆ (ಮಾನಿಟರ್ ಹಲಗಿಗೆ ಕೂಡಸಲಿಕ್ಕ ಇರೋ ನಾಕು ತೂತ) ಎಂ4 ಸ್ಕ್ರೂ. 12 ಮಿಮೀ ಹಲಗಿ, ವಾಷರ್ ಹಿಡದು 20 ಉದ್ದದ್ದು ಸಾಕು; ಸಲೀಸ ತಿರಗದಿದ್ರ ಅಲ್ಲೇ ನಿಂದರಸ್ರಿ, ಹೆಚ್ಚು ಉದ್ದಂದು ಒತ್ತಿ ತಿರುವಿದ್ರ ಒಳಗಿನ ಪ್ಯಾನೆಲ್ಲಿಗೆ ಚುಚ್ಚತದ. ಅದರದೇ ಡಬ್ಬಿಯೊಳಗ ನಿಂದರಸಿ ಇಡ್ರಿ, ಮಲಗಸಬ್ಯಾಡ್ರಿ. ಮುಂದಿನ 3 ಮಿಮೀ ಅಕ್ರಿಲಿಕ್ ಹಾಳಿಗೆ ಮೆತ್ತನ್ನ ಹಳಿ ಧೋತ್ರ ಸುತ್ರಿ, ಪೇಪರ್ ಸುತ್ತಿದ್ರ ಧೂಳು ಸಿಕ್ಕು ಗೀರು ಬೀಳ್ತದ.

ಸಣ್ಣ ಟೆಂಪೋದಾಗ ಪೀಠ ಕ್ಯಾಬಿನ್ ಬಾಜು ಒತ್ತಿ ನಿಂದರಸ್ರಿ, ತಲಿ ಅದರ ಮಗ್ಗಲಕ್ಕ ನಿಂದರಲಿ. ಕಂಟ್ರೋಲ್ ಪೆಟ್ಟಿಗಿ ಗಾದಿ ಮ್ಯಾಲ ಸಪಾಟ, ಜಾಯ್‌ಸ್ಟಿಕ್ ಮ್ಯಾಲಕ್ಕ. ಅದರ ಮ್ಯಾಲ ಏನೂ ಹೇರಬ್ಯಾಡ್ರಿ. ಹಿಡಿ ತಿರುವಿ ಬಿಚ್ಚಿ ಇಟ್ರಂತೂ ಚಿಂತಿನೇ ಇಲ್ಲ.

ಐದುವೋಲ್ಟ್:

ಹೊಸ ಮನೆಯಲ್ಲಿ ಜೋಡಿಸಿದ ಮೇಲೆ ಪ್ಲಗ್ ಚುಚ್ಚುವ ಮೊದಲು ಆ ಮನೆಯ ಸಾಕೆಟ್ಟಿನಲ್ಲಿ ಅರ್ಥಿಂಗ್ ಇದೆಯೋ ಅಂತ ಟೆಸ್ಟರ್ ಪ್ಲಗ್ಗಿನಿಂದ ನೋಡಿ, ನಿಮ್ಮ ಪ್ಯಾನೆಲ್ ಕಬ್ಬಿಣದ್ದು. ಆಮೇಲೆ ಬಟನ್ ಒಂದೊಂದೇ ಒತ್ತಿ ಪರೀಕ್ಷೆ ಮಾಡಿ. ಆಟ ಹಾಕಿ ನೋಡೋದಾದರೆ ಮೇಮ್ (ಹಳೇ ಆರ್ಕೇಡ್ ಆಟ ಕಂಪ್ಯೂಟರಿನಲ್ಲಿ ಓಡಿಸೋ ತಂತ್ರಾಂಶ) ಜಾಲತಾಣದಲ್ಲಿ ಗ್ರಿಡ್ಲೀ, ರಾಬಿ ರೋಟೋ ಥರದ ಕೆಲವನ್ನ ಹಕ್ಕುದಾರರ ಒಪ್ಪಿಗೆಯಿಂದಲೇ ಬಿಟ್ಟಿದ್ದಾರೆ, ಪರೀಕ್ಷೆಗೆ ಅವು ಸಾಕು. ಒಂದನೇ ಆಟಗಾರನ ಜಾಯ್‌ಸ್ಟಿಕ್ ಆಡಿಸಿದಾಗ ಎರಡನೆಯವನು ಕುಣಿದರೆ ಸೆಟ್ಟಿಂಗ್ ಮುಟ್ಟಬೇಡಿ, ಕೆಂಪು ಟೇಪು ಹಸಿರು ಪೋರ್ಟಿಗೆ ಹೋಗಿದೆ.